ಕುದಿಯುವ ಗಂಜಿಯಲ್ಲಿ ಸಾಯದ ಕಿಣ್ವ

ಮಾನ್ವಿಯ ಬೇಸಗೆ ಸಾಮಾನ್ಯವಾದುದಲ್ಲ. ಚೈತ್ರ ಮುಗಿಯುವುದರೊಳಗೆ ಬಿಸಿಲು 40 ಡಿಗ್ರಿಯನ್ನು ಮುಟ್ಟಿ, ನಡುಹಗಲಿನಲ್ಲಿ ಬೀದಿಗೆ ನಾಯಿಯೂ ಇಳಿಯಲೊಲ್ಲದು. ಜಗನ್ನಾಥದಾಸರು ಬಾಳಿ ಬೆಳಗಿದ ಆ ಊರಿನ ಯಾವುದಾದರೂ ಒಂದು ಅಡಿಗೆಮನೆಯನ್ನು ಅಂತಹ ಹೊತ್ತಿನಲ್ಲಿ ಇಣಿಕಿ ನೋಡಿದರೆ, ಒಲೆಯ ಮೇಲೆ ಹಸುಳೆಗಾಗಿ ಗಂಜಿ ಕುದಿಯುತ್ತಿರುತ್ತದೆ. ಪಕ್ಕದಲ್ಲಿ ಒಂದು ಬಟ್ಟಲು. ಅದರಲ್ಲಿ ಮೊಳಕೆ ಬರಿಸಿ, ಒಣಗಿಸಿ, ಬೀಸಿದ ರಾಗಿಯ ಹಿಟ್ಟು. ಸೊಸೆ ಒಂದು ಚಮಚ ಹಿಟ್ಟನ್ನು ಪಾತ್ರೆಗೆ ಸುರಿಯಲು ಕೈ ಎತ್ತಿದಾಗ ಅತ್ತೆ ತಡೆಯುತ್ತಾಳೆ:

“ಸುಡೂ ಗಂಜ್ಯಾಗ ಹಾಕಬ್ಯಾಡವ್ವಾ. ಆರಲಿ, ಬೆರಳು ತಾಳೂವಷ್ಟು ಆಗಲಿ.”

“ಯಾಕ್ರಿ ಅತ್ತಿ, ಈಗ ಹಾಕಿದ್ರ ಏನಾಗ್ತದ?”

“ಹಿಟ್ಟಿನ್ಯಾಗಿನ ಜೀವ ಸತ್ತು ಹೋಗ್ತದ. ಆಮ್ಯಾಲ ಗಂಜಿ ತೆಳ್ಳಗ ಆಗಂಗಿಲ್ಲ.”

ಅತ್ತೆಯ ಮಾತು ಅಕ್ಷರಶಃ ನಿಜ. ಆರಿದ ಗಂಜಿಗೆ ಬಿದ್ದ ಒಂದು ಚಮಚ ಮೊಳಕೆಹಿಟ್ಟು ಕೆಲವೇ ನಿಮಿಷಗಳಲ್ಲಿ ಗಟ್ಟಿ ಮುದ್ದೆಯನ್ನು ಕುಡಿಯುವಂತಹ ಪಾನಕವನ್ನಾಗಿಸುತ್ತದೆ. ಕುದಿಯುವ ಗಂಜಿಗೆ ಬಿದ್ದರೆ ಏನನ್ನೂ ಮಾಡದು. ಹಿಟ್ಟು ಅದೇ, ಗಂಜಿಯೂ ಅದೇ. ನಡುವೆ ಬಂದುದು ಬೆಂಕಿಯೊಂದೇ. ಪುಟ್ಟ ಹೊಟ್ಟೆಗೆ ನೀರು ಬೆರಸಿದ ತೆಳುಗಂಜಿಗಿಂತ, ಹೀಗೆ ತೆಳುವಾದ ಗಟ್ಟಿಗಂಜಿಯಿಂದಲೇ ಹೆಚ್ಚು ಪುಷ್ಟಿ ಸೇರುವುದೆಂದು ಮೈಸೂರಿನ ಆಹಾರ ಸಂಶೋಧನಾಲಯದವರೂ ಬಹುಕಾಲ ಮೊಳಕೆರಾಗಿಯ ಮೇಲೆ ಕೆಲಸ ಮಾಡಿದ್ದಾರೆ. ಎಡೆದೊರೆ ನಾಡಿನಲ್ಲಿ ಬಡಕಲು ಕೂಸುಗಳ ಸಂಖ್ಯೆ ಕಡಿಮೆಯೇನೂ ಅಲ್ಲದಿರುವುದರಿಂದ ಆ ಚಮಚ ಹಿಟ್ಟು ಅಲಕ್ಷಿಸತಕ್ಕ ವಸ್ತುವಲ್ಲ.

ಅತ್ತೆ ‘ಜೀವ’ ಎಂದು ಕರೆದುದಕ್ಕೆ ಶಾಸ್ತ್ರಜ್ಞರು ಕೊಟ್ಟಿರುವ ಹೆಸರು ಕಿಣ್ವ. ಈ ಮಾತು ಹೊಸದಾಗಿ ಟಂಕಿಸಿದುದಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಸುರಾಧ್ಯಕ್ಷನ ಕರ್ತವ್ಯಗಳನ್ನು ಹೇಳುವ ಭಾಗದಲ್ಲಿ ಕಿಣ್ವವನ್ನು ಸಿದ್ಧಪಡಿಸುವ ಕ್ರಮ ಬರುತ್ತದೆ. ಅದಕ್ಕೆ ಹೇಳಿರುವ ಮುಖ್ಯ ಸಾಮಗ್ರಿ ಉದ್ದು ಮತ್ತು ಅಕ್ಕಿ. ಇಡ್ಲಿಯ ಹಿಟ್ಟನ್ನು ಹುದುಗಿಗೆ ಇಡುವ ಗೃಹಿಣಿಯರು ಇದನ್ನು ಓದಿ ನಕ್ಕಾರು. ಲೋಕಾಯತರಂತೂ, ಜಡವಸ್ತುಗಳ ಸೇರುವಿಕೆಯಿಂದಲೇ ಚೈತನ್ಯ ಹುಟ್ಟುವುದೆಂಬುದಕ್ಕೆ ಕಿಣ್ವದಿಂದ ಮದಶಕ್ತಿ ಹುಟ್ಟುವುದನ್ನೇ ದೃಷ್ಟಾಂತವಾಗಿ ಹಿಡಿದಿದ್ದರು. ಇಂದು ಆ ಪದ ತುಸು ಸಂಕುಚಿತವಾದ, ಆದರೆ ಹೆಚ್ಚು ಖಚಿತವಾದ ಅರ್ಥವನ್ನು ಪಡೆದಿದೆ. ಜೀವಕೋಶಗಳು ತಯಾರಿಸುವ, ತಾವು ವ್ಯಯವಾಗದೆ ಒಂದು ರಾಸಾಯನಿಕ ಕ್ರಿಯೆಯನ್ನು ಸಾವಿರ ಪಾಲು, ಲಕ್ಷ ಪಾಲು ಶೀಘ್ರಗೊಳಿಸುವ ಪ್ರೋಟೀನುಗಳೇ ಕಿಣ್ವಗಳು. ಒಂದೊಂದಕ್ಕೂ ಒಂದೊಂದೇ ಕಸುಬು. ಪಿಷ್ಟವನ್ನು ಕತ್ತರಿಸುವುದು ಎಣ್ಣೆಯನ್ನು ಮುಟ್ಟದು. ಎಣ್ಣೆಯನ್ನು ಒಡೆಯುವುದು ಹತ್ತಿಯ ನಾರನ್ನು ಮುಟ್ಟದು. ಮಕ್ಕಳು ಅರ್ಧ ತಿಂದು ಬಿಟ್ಟ ಮೊಸರನ್ನ ಸಂಜೆಗೆ ನೀರೊಡೆದಿರುವುದನ್ನು ಕಾಣದ ಮನೆ ಉಂಟೆ? ಅದು ಎಂಜಲಿನಲ್ಲಿರುವ ಅಮೈಲೇಸ್ ಎಂಬ ಕಿಣ್ವದ ಕೆಲಸ. ಮೊಳಕೆರಾಗಿಯಲ್ಲಿರುವುದೂ ಅದರ ದಾಯಾದಿಯೇ.

ಇಂತಹ ಸಮರ್ಥವಾದ ವಸ್ತುವಿಗೆ ಬೆಂಕಿಯೆಂದರೆ ಏಕೆ ಅಷ್ಟು ಭಯ? ಕಿಣ್ವವು ಅಮೈನೋ ಆಮ್ಲಗಳೆಂಬ ಮಣಿಗಳನ್ನು ಪೋಣಿಸಿದ ಒಂದು ಉದ್ದನೆಯ ಸರ. ಆ ಸರ ಒಂದು ನಿರ್ದಿಷ್ಟ ರೀತಿಯಲ್ಲಿ ಮಡಿಚಿಕೊಂಡು, ಮಧ್ಯದಲ್ಲಿ ಒಂದು ಗೂಡನ್ನು ಉಂಟುಮಾಡಿಕೊಂಡಿರುತ್ತದೆ. ಕೆಲಸ ನಡೆಯುವುದೆಲ್ಲ ಆ ಗೂಡಿನಲ್ಲಿಯೇ. ಕಾವು ಏರಿದಂತೆ ಸರ ಅಲುಗಾಡುತ್ತದೆ. ಒಂದು ಮಿತಿಯವರೆಗೆ ಅಲುಗಾಟದಿಂದ ಕೆಲಸ ಚುರುಕಾಗುವುದು ನಿಜ. ಮಿತಿ ದಾಟಿದೊಡನೆ ಮಡಿಕೆಗಳು ಬಿಚ್ಚಿಹೋಗಿ ಗೂಡು ಅಳಿಯುತ್ತದೆ. ಬೇಯಿಸಿದ ಕೋಳಿಮೊಟ್ಟೆಯ ಬಿಳಿಯನ್ನು ಪುನಃ ಹಸಿಯಾಗಿಸಲು ಬಾರದಂತೆಯೇ, ಹೀಗೆ ಬಿಚ್ಚಿದ ಕಿಣ್ವ ಬಹುಮಟ್ಟಿಗೆ ಮತ್ತೆ ತನ್ನ ರೂಪಕ್ಕೆ ಮರಳದು.

ಕೆಲವೊಮ್ಮೆ ಈ ಸಾವೇ ಮನುಷ್ಯನಿಗೆ ಬೇಕಾದದ್ದು. ರಾಯಚೂರು, ಮಾನ್ವಿ, ಸಿಂಧನೂರುಗಳ ಅಕ್ಕಿ ಗಿರಣಿಗಳನ್ನು ನೋಡಿದವರು ತೌಡಿನ ವ್ಯಾಪಾರದ ಅವಸರವನ್ನೂ ಕಂಡಿರುತ್ತಾರೆ. ತೌಡಿನಲ್ಲಿ ಎಣ್ಣೆಯಿದೆ, ಎಣ್ಣೆಯನ್ನು ಒಡೆಯುವ ಲೈಪೇಸ್ ಎಂಬ ಕಿಣ್ವವೂ ಇದೆ. ಕಾಳು ಇಡಿಯಾಗಿರುವವರೆಗೆ ಇವೆರಡೂ ಬೇರೆ ಬೇರೆ ಕೋಣೆಗಳಲ್ಲಿ ವಾಸವಾಗಿರುತ್ತವೆ. ಗಿರಣಿಯ ಉಜ್ಜಿಗೆ ಸಿಕ್ಕೊಡನೆ ನಡುವಣ ಗೋಡೆ ಕೆಡೆದು, ಕಿಣ್ವ ಎಣ್ಣೆಯ ಮೇಲೆ ಬೀಳುತ್ತದೆ. ದಿನ ಕಳೆಯುವುದರೊಳಗೆ ತೌಡು ಹುಳಿವಾಸನೆಗೆ ತಿರುಗತೊಡಗುತ್ತದೆ. ಕೆಲವು ದಿನ ಬಿಟ್ಟರೆ ಅದರ ಎಣ್ಣೆ ಸಾಬೂನಿಗಲ್ಲದೆ ಊಟಕ್ಕೆ ಬಾರದು. ಆದುದರಿಂದ ತೌಡನ್ನು ಬೇಗನೆ ಹಬೆಗೆ ಹಿಡಿದು ಆ ಕಿಣ್ವವನ್ನು ಕೊಲ್ಲಬೇಕು. ಭತ್ತವನ್ನು ಮೊದಲೇ ಬೇಯಿಸಿ ಮಾಡುವ ಕುಸುಬಲಕ್ಕಿಯ ತೌಡು ಹೆಚ್ಚು ದಿನ ಕೆಡದೆ ಉಳಿಯುವುದಕ್ಕೂ ಇದೇ ಕಾರಣ.

ಆದರೆ ಪಿಷ್ಟದ ವಿಷಯದಲ್ಲಿ ಗಿರಣಿಯವನ ಇಕ್ಕಟ್ಟು ಬೇರೆ. ಹಸಿ ಅಕ್ಕಿಹಿಟ್ಟನ್ನು ತಣ್ಣೀರಿನಲ್ಲಿ ಕದಡಿದರೆ ಅದು ಸುಮ್ಮನೆ ತಳಕ್ಕೆ ಇಳಿಯುತ್ತದೆ. ಪಿಷ್ಟದ ಕಣಗಳು ಅಷ್ಟು ಬಿಗಿ. ನೀರಿನ ಕಾವು 70 ಡಿಗ್ರಿ ಸೆಂಟಿಗ್ರೇಡಿನ ಆಸುಪಾಸಿಗೆ ಏರಿದಾಗಲಷ್ಟೇ ಅವು ಉಬ್ಬಿ, ಒಡೆದು, ಗಂಜಿಯಾಗುತ್ತವೆ. ಅಂದರೆ ಪಿಷ್ಟದ ಬಾಗಿಲು ತೆರೆಯಬೇಕಾದರೆ ಬೆಂಕಿ ಬೇಕು. ಬಾಗಿಲು ತೆರೆಯುವ ಹೊತ್ತಿಗೆ ಒಳಹೊಗಬೇಕಾದ ಕಿಣ್ವ ಆ ಬೆಂಕಿಗೇ ಆಹುತಿಯಾಗಿರುತ್ತದೆ. ಅಡಿಗೆಮನೆಯಲ್ಲಿ ಅತ್ತೆ ಕಾಯುತ್ತಾಳೆ. ಸಾವಿರಾರು ಲೀಟರಿನ ಹಂಡೆಯಲ್ಲಿ ಕಾಯುವುದು ಸುಲಭವಲ್ಲ. ಆರುವ ಗಂಜಿ ಕೊಳವೆಗಳಲ್ಲಿ ಅಂಟಿನಂತೆ ಕೂರುತ್ತದೆ, ಪಂಪುಗಳನ್ನು ಕಟ್ಟಿಹಾಕುತ್ತದೆ.

ಈ ತೊಡಕಿಗೆ ಮೊದಲು ಸಿಕ್ಕ ಪರಿಹಾರ ಆಮ್ಲ. 1811ರಲ್ಲಿ ರಷ್ಯದ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಕಿರ್ಖಾಫ್ ಎಂಬ ರಸಾಯನಶಾಸ್ತ್ರಜ್ಞನು ಪಿಷ್ಟಕ್ಕೆ ಗಂಧಕಾಮ್ಲ ಬೆರಸಿ ಕುದಿಸಿ ಸಕ್ಕರೆಯ ಪಾಕವನ್ನು ಪಡೆದನು. ನೆಪೋಲಿಯನ್ನನ ಯುದ್ಧಗಳಿಂದ ಯೂರೋಪಿಗೆ ಕಬ್ಬಿನ ಸಕ್ಕರೆ ದುರ್ಲಭವಾಗಿದ್ದ ಕಾಲವದು. 1833ರಲ್ಲಿ ಫ್ರಾನ್ಸಿನ ಪಾಯೆನ್ ಮತ್ತು ಪೆರ್ಸೋ ಎಂಬವರು ಮೊಳಕೆಬಾರ್ಲಿಯಿಂದ ಪಿಷ್ಟವನ್ನು ಕರಗಿಸುವ ಸತ್ವವನ್ನು ಬೇರ್ಪಡಿಸಿ ಅದಕ್ಕೆ ಡಯಾಸ್ಟೇಸ್ ಎಂದು ಹೆಸರಿಟ್ಟರು. ಕಿಣ್ವವೊಂದನ್ನು ಮನುಷ್ಯ ಕೈಯಲ್ಲಿ ಹಿಡಿದುದು ಅದೇ ಮೊದಲು. ಆದರೂ ಕಾರ್ಖಾನೆಗಳಲ್ಲಿ ಆಮ್ಲದ ಆಳ್ವಿಕೆ ಇಪ್ಪತ್ತನೆಯ ಶತಮಾನದ ನಡುವಿನವರೆಗೂ ನಡೆಯಿತು. 140 ಡಿಗ್ರಿಯ ಸುಮಾರಿಗೆ ಆಮ್ಲದೊಡನೆ ಕುದಿಸುವುದು. ಹಂಡೆಯ ಲೋಹವೂ ಅದರೊಂದಿಗೆ ಸವೆಯುವುದು. ಬಳಿಕ ಆಮ್ಲವನ್ನು ಕ್ಷಾರದಿಂದ ತಣಿಸುವುದು. ಹುಟ್ಟಿದ ಉಪ್ಪನ್ನೂ ಬೇಡದ ಬಣ್ಣ, ಕಹಿಗಳನ್ನೂ ತೆಗೆದುಹಾಕುವುದು. ಎಲ್ಲವನ್ನೂ ತೊಳೆದ ನೀರನ್ನು ಹೊಳೆಗೆ ಬಿಡುವುದು. ಆಮ್ಲಕ್ಕೆ ವಿವೇಚನೆಯಿಲ್ಲ. ಅದು ಕಂಡದ್ದನ್ನೆಲ್ಲ ಕಡಿಯುತ್ತದೆ.

ಆಮ್ಲದ ಈ ಅವಿವೇಕ ಹೆಚ್ಚು ದುಬಾರಿಯಾದದ್ದು ಬಟ್ಟೆಯ ಉದ್ಯಮಕ್ಕೆ. ದೇವದುರ್ಗದ ಕರಿನೆಲದಲ್ಲಿ ಬೆಳೆದ ಹತ್ತಿ ರಾಯಚೂರಿನ ಮಾರುಕಟ್ಟೆಗೆ ಬಂದು, ಜಿನ್ನಿಂಗ್ ಕಾರ್ಖಾನೆಗಳಲ್ಲಿ ಬೀಜ ಕಳೆದುಕೊಂಡು, ಅರಳೆಯ ಬೇಲುಗಳಾಗಿ ದೂರದ ನೂಲಿನ ಗಿರಣಿಗಳಿಗೆ ಹೊರಡುತ್ತದೆ. ಅಲ್ಲಿ ನೂಲಾದ ಮೇಲೆ ಮಗ್ಗಕ್ಕೆ ಏರುವ ಹಾಸಿನ ಎಳೆಗಳಿಗೆ ಗಂಜಿ ಕೊಡಲೇಬೇಕು. ಇಲ್ಲವಾದರೆ ಲಾಳಿಯ ಓಡಾಟದ ಉಜ್ಜಿಗೆ ಎಳೆಗಳು ಕಿತ್ತುಬರುತ್ತವೆ. ಕೈಮಗ್ಗದ ನೇಕಾರನೂ ಹೀಗೆ ಮಾಡುತ್ತಾನೆ, ಯಂತ್ರದ ಗಿರಣಿಯೂ ಹೀಗೆಯೇ ಮಾಡುತ್ತದೆ. ನೇಯ್ದಾದ ಬಳಿಕ ಆ ಗಂಜಿಯನ್ನು ಪೂರ್ತಿಯಾಗಿ ತೆಗೆದುಹಾಕದಿದ್ದರೆ ಬಟ್ಟೆಗೆ ಬಣ್ಣ ಹತ್ತದು, ಹತ್ತಿದರೂ ತೇಪೆತೇಪೆಯಾಗಿ ಕಾಣುತ್ತದೆ. ಹಿಂದೆ ಬಟ್ಟೆಯನ್ನು ನೀರಿನಲ್ಲಿ ನೆನೆಹಾಕಿ, ಗಂಜಿ ತಾನಾಗಿ ಕೊಳೆಯುವವರೆಗೆ ಬಿಡುತ್ತಿದ್ದರು. ಇಲ್ಲವೆ ಆಮ್ಲದಲ್ಲಿ ಅದ್ದುತ್ತಿದ್ದರು. ಕೊಳೆಯಿಸಿದರೆ ದಿನಗಳು ನಷ್ಟ, ಆಮ್ಲವಾದರೆ ಗಂಜಿಯ ಜೊತೆಗೆ ನೂಲಿನ ಬಲವೂ ನಷ್ಟ. 1917ರಲ್ಲಿ ಬ್ವಾದ್ಯಾಂ ಮತ್ತು ಎಫ್ರಾಂ ಎಂಬ ಇಬ್ಬರು ಬ್ಯಾಕ್ಟೀರಿಯಗಳಿಂದ ಪಡೆದ ಅಮೈಲೇಸನ್ನು ಈ ಕೆಲಸಕ್ಕೆ ತಂದರು. ಅದು ಮೊಳಕೆಕಾಳಿನ ಕಿಣ್ವಕ್ಕಿಂತ ಹೆಚ್ಚು ಕಾವನ್ನು ತಾಳಿತು. ಪಿಷ್ಟವನ್ನು ಕತ್ತರಿಸಿತು, ಹತ್ತಿಯನ್ನು ಮುಟ್ಟಲಿಲ್ಲ. ಇಂದು ಇನ್ನೂ ಗಟ್ಟಿಯಾದ ಕಿಣ್ವಗಳು ದೊರೆಯುವುದರಿಂದ, ಹಬೆಯ ಕೋಣೆಯಲ್ಲಿ ಓಡುವ ಬಟ್ಟೆ ಕುದಿಬಿಂದುವಿನ ಸಮೀಪದ ಕಾವಿನಲ್ಲಿ ಅತ್ಯಲ್ಪ ಕಾಲದಲ್ಲಿಯೇ ಗಂಜಿ ಕಳೆದುಕೊಂಡು ಹೊರಬರುತ್ತದೆ.

ಇಷ್ಟರಿಂದ ನೀರು ಶುದ್ಧವಾಯಿತೆಂದು ಭಾವಿಸುವುದು ತಪ್ಪು. ಬಟ್ಟೆಯಿಂದ ಬಿಟ್ಟ ಗಂಜಿ ಕಣ್ಣಿಗೆ ಕಾಣದಂತೆ ಕರಗಿದ್ದರೂ ನೀರಿನಲ್ಲಿಯೇ ಇರುತ್ತದೆ. ಅದು ಹೊಳೆ ಸೇರಿ ಕೊಳೆಯುವಾಗ ಮೀನಿಗೆ ಬೇಕಾದ ಆಮ್ಲಜನಕವನ್ನು ಕಸಿಯುತ್ತದೆ. ನೆರೆಯ ಬಳ್ಳಾರಿಯ ಜೀನ್ಸ್ ಉದ್ಯಮದ ಪಾಠವೂ ಇದೇ ತೆರನದು. ಹೊಸ ಜೀನ್ಸನ್ನು ಹಳತರಂತೆ ಕಾಣಿಸಲು ಪ್ಯೂಮಿಸ್ ಕಲ್ಲುಗಳೊಂದಿಗೆ ಉರುಳಿಸುತ್ತಿದ್ದ ಪದ್ಧತಿಗೆ ಬದಲಾಗಿ ಸೆಲ್ಯುಲೇಸ್ ಎಂಬ ಕಿಣ್ವ ಬಂದಮೇಲೆ ಕಲ್ಲಿನ ಹೂಳು ತಗ್ಗಿತು. ತೊಳೆದ ನೀಲಿಬಣ್ಣ ಮಾತ್ರ ನೀರಿಗೇ ಬಿತ್ತು. ಕಿಣ್ವವನ್ನು ಮಾರುವವರು ಈ ಎರಡನೆಯ ಮಾತನ್ನು ಅಷ್ಟು ಗಟ್ಟಿಯಾಗಿ ಹೇಳುವುದಿಲ್ಲ.

ಹಾಗಾದರೆ ಕುದಿಯಲ್ಲಿಯೂ ಸಾಯದ ಕಿಣ್ವಗಳು ದೊರೆತದ್ದೆಲ್ಲಿ? ಕುದಿಯುವ ನೀರಿನಲ್ಲಿಯೇ ಹುಡುಕಬೇಕೆಂದು ಯಾರಿಗಾದರೂ ತೋರುವುದು ಸಹಜ. ಹಿಮಾಚಲದ ಮಣಿಕರ್ಣಕ್ಕೆ ಹೋದ ಯಾತ್ರಿಕರು ಅಕ್ಕಿಬೇಳೆಗಳನ್ನು ಬಟ್ಟೆಯಲ್ಲಿ ಕಟ್ಟಿ ಬಿಸಿನೀರಿನ ಬುಗ್ಗೆಯಲ್ಲಿ ಇಳಿಬಿಟ್ಟು ಬೇಯಿಸಿಕೊಂಡು ಉಂಡು ಬಂದಿರುತ್ತಾರೆ. ಅಂತಹ ಬುಗ್ಗೆಗಳಿಂದಲೂ ಭಾರತದ ಸಂಶೋಧಕರು ಜೀವಂತ ಬ್ಯಾಕ್ಟೀರಿಯಗಳನ್ನು ಎತ್ತಿ ತಂದಿದ್ದಾರೆ! ಈ ಮಾರ್ಗವನ್ನು ತೋರಿಸಿಕೊಟ್ಟವನು ಅಮೆರಿಕದ ಥಾಮಸ್ ಬ್ರಾಕ್. 1966ರಲ್ಲಿ ಯೆಲ್ಲೋಸ್ಟೋನ್ ವನದ ಬಿಸಿಬುಗ್ಗೆಯೊಂದರಿಂದ ಆತನೂ ಆತನ ವಿದ್ಯಾರ್ಥಿ ಹಡ್ಸನ್ ಫ್ರೀಜನೂ ಬೆಳೆಸಿದ ಥರ್ಮಸ್ ಅಕ್ವಾಟಿಕಸ್ ಎಂಬ ಬ್ಯಾಕ್ಟೀರಿಯ 70 ಡಿಗ್ರಿಯಲ್ಲಿ ಹಾಯಾಗಿ ಬದುಕುತ್ತಿತ್ತು. ಅದರ ಒಂದು ಕಿಣ್ವದ ಪರಿಚಯ ಈ ಪುಟವನ್ನು ಓದುವ ಪ್ರತಿಯೊಂದು ಮನೆಗೂ ಇದೆಯೆಂದರೆ ಅಚ್ಚರಿಯಾದೀತು. ವಂಶತಂತುವಿನ ಒಂದು ಎಳೆಯಿಂದ ಕೋಟಿ ಎಳೆಗಳನ್ನು ಮಾಡುವ ಪಿ.ಸಿ.ಆರ್. ವಿಧಾನದಲ್ಲಿ, ಪ್ರತಿ ಆವೃತ್ತಿಯಲ್ಲೂ ದ್ರವವನ್ನು 95 ಡಿಗ್ರಿಯವರೆಗೆ ಕಾಸಬೇಕು. ಅಲ್ಲಿ ಸಾಯದೆ ಉಳಿದು ಕೆಲಸ ಮಾಡುವುದು ಈ ಜೀವಿಯ ಕಿಣ್ವ. ವಿಧಾನವನ್ನು ರೂಪಿಸಿದ ಕ್ಯಾರಿ ಮಲ್ಲಿಸನಿಗೆ 1993ರಲ್ಲಿ ನೊಬೆಲ್ ಬಹುಮಾನ ಬಂದಿತು. 2020ರಲ್ಲಿ ಮೂಗಿಗೆ ಕಡ್ಡಿ ಹಾಕಿಸಿಕೊಂಡು ಕೋವಿಡ್ ಪರೀಕ್ಷೆಯ ಉತ್ತರಕ್ಕಾಗಿ ಉಸಿರು ಬಿಗಿಹಿಡಿದು ಕಾದವರೆಲ್ಲರೂ ಕಾದದ್ದು ಅದೇ ವಿಧಾನದ ಫಲಕ್ಕಾಗಿ.

ಪಿಷ್ಟದ ಹಂಡೆಯ ಕಥೆ ಮಾತ್ರ ಈ ತರ್ಕಕ್ಕೆ ಒಗ್ಗದು. 1970ರ ದಶಕದಲ್ಲಿ ಆಮ್ಲವನ್ನು ಪದಚ್ಯುತಗೊಳಿಸಿದ ಅಮೈಲೇಸ್ ಬಂದುದು ಬಿಸಿಬುಗ್ಗೆಯಿಂದಲ್ಲ. ಬೆಸಿಲಸ್ ಲೈಕೆನಿಫಾರ್ಮಿಸ್ ಎಂಬ, ಸಾಧಾರಣ ಮಣ್ಣಿನಲ್ಲಿಯೂ ಹಕ್ಕಿಯ ಗರಿಗಳಲ್ಲಿಯೂ ವಾಸಿಸುವ ಬ್ಯಾಕ್ಟೀರಿಯದಿಂದ. ಆ ಜೀವಿಗೆ ಕುದಿನೀರಿನ ಗೊಡವೆಯೇ ಇಲ್ಲ. 60 ಡಿಗ್ರಿಯೊಳಗೇ ಅದು ನಲುಗುತ್ತದೆ. ಆದರೆ ಅದು ಹೊರಚೆಲ್ಲುವ ಕಿಣ್ವ ನೂರು ಡಿಗ್ರಿಯನ್ನೂ ದಾಟಿ ಕೆಲಸ ಮಾಡುತ್ತದೆ. ಮಡಿಕೆಗಳು ಒತ್ತೊತ್ತಾಗಿರುವುದು, ಸರದ ಒಂದು ಭಾಗದ ಧನ ವಿದ್ಯುದಂಶ ಇನ್ನೊಂದರ ಋಣ ವಿದ್ಯುದಂಶವನ್ನು ಬಿಗಿಯಾಗಿ ಹಿಡಿದಿರುವುದು, ಸುಣ್ಣದ ಮೂಲವಾದ ಕ್ಯಾಲ್ಸಿಯಂ ನಡುವೆ ಕೂತು ಮೊಳೆಯಂತೆ ಬಂಧಿಸಿರುವುದು, ಇವೆಲ್ಲ ಸೇರಿ ಅದಕ್ಕೆ ಆ ಗಟ್ಟಿತನ ಬಂದಿದೆ. ಮುಂದೆ ವಿಜ್ಞಾನಿಗಳು ಸರದ ಒಂದೆರಡು ಮಣಿಗಳನ್ನು ಬದಲಿಸಿ, ಕ್ಯಾಲ್ಸಿಯಂ ಕಡಿಮೆಯಿದ್ದರೂ ನಿಲ್ಲುವ ತಳಿಗಳನ್ನು ಮಾಡಿಕೊಂಡರು. ಇಂತಹ ಬದಲಾವಣೆಗಳನ್ನು ಸಾವಿರಗಟ್ಟಲೆ ಮಾಡಿ, ಉತ್ತಮವಾದುದನ್ನು ಆರಿಸಿ, ಮತ್ತೆ ಬದಲಿಸುವ ಕ್ರಮಕ್ಕಾಗಿ ಫ್ರಾನ್ಸಸ್ ಆರ್ನಾಲ್ಡ್ ಎಂಬ ಮಹಿಳೆಗೆ 2018ರಲ್ಲಿ ನೊಬೆಲ್ ಸಂದಿತು. ಬೀಜದ ಹತ್ತಿಯನ್ನು ಆರಿಸಿ ಆರಿಸಿ ತಳಿ ಮಾಡುತ್ತಿದ್ದ ಒಕ್ಕಲಿಗನಿಗೆ ಆ ಕ್ರಮ ತೀರ ಅಪರಿಚಿತವೆನಿಸದು.

ಕರ್ನಾಟಕಕ್ಕೂ ಈ ಉದ್ಯಮಕ್ಕೂ ನಂಟು ಹಳೆಯದು. 1978ರಲ್ಲಿ ಕಿರಣ್ ಮಜುಂದಾರ್ ಅವರು ಬೆಂಗಳೂರಿನಲ್ಲಿ ಬಯೋಕಾನ್ ಸಂಸ್ಥೆಯನ್ನು ಆರಂಭಿಸಿದಾಗ ಅದು ಮಾಡುತ್ತಿದ್ದ ಮೊದಲ ಸರಕುಗಳಲ್ಲಿ ಒಂದು, ಪರಂಗಿಕಾಯಿಯ ಹಾಲಿನಿಂದ ತೆಗೆದ ಪಪೇನ್. ಮಾಂಸ ಬೇಗ ಬೇಯಲೆಂದು ಪರಂಗಿಯ ಹೋಳು ಹಾಕುವವರಿಗೆ ಅದರ ಗುಣ ಗೊತ್ತು. ಕಾವೇರಿದರೂ ಬೇಗನೆ ಸೋಲದ ಕಿಣ್ವವದು. 2007ರಲ್ಲಿ ಆ ಸಂಸ್ಥೆ ತನ್ನ ಕಿಣ್ವದ ವ್ಯವಹಾರವನ್ನು ಡೆನ್ಮಾರ್ಕಿನ ನೋವೋಜೈಮ್ಸ್ ಕಂಪನಿಗೆ ಮಾರಿ ಔಷಧಗಳ ಕಡೆ ತಿರುಗಿತು. ಪಪ್ಪಾಯಿಯ ಹಾಲಿನಿಂದ ಹೊರಟ ವ್ಯವಹಾರ ಮೂವತ್ತು ವರ್ಷಗಳೊಳಗೆ ಕಡಲಾಚೆಯವರ ಕೈ ಸೇರಿತು.

ಈಗ ಮಾನ್ವಿಯ ನುಚ್ಚಿಗೆ ಬರಬಹುದು. ಗಿರಣಿಯಲ್ಲಿ ಮುರಿದ ಅಕ್ಕಿ ಧಾನ್ಯದ ಮದ್ಯಸಾರ ಮಾಡುವ ಕಾರ್ಖಾನೆಗೆ ಹೋದರೆ, ಅಲ್ಲಿ ಅದನ್ನು ಹಿಟ್ಟುಮಾಡಿ ನೀರಿನಲ್ಲಿ ಕದಡಿ, ಕಿಣ್ವವನ್ನು ಬೆರಸುತ್ತಾರೆ. ಒಂದು ಟನ್ ಪಿಷ್ಟಕ್ಕೆ ಬೇಕಾಗುವ ಕಿಣ್ವದ್ರವ ಸುಮಾರಾಗಿ ಒಂದು ಕಿಲೋಗ್ರಾಮಿಗೂ ಕಡಿಮೆ. ಹಬೆಯ ರಭಸಕ್ಕೆ ಸಿಕ್ಕಿ ಹಿಟ್ಟುನೀರು ಕ್ಷಣದಲ್ಲಿ 105 ಡಿಗ್ರಿಗೆ ಏರುತ್ತದೆ. ಕೆಲವು ನಿಮಿಷ ಅಲ್ಲಿದ್ದು, 95 ಡಿಗ್ರಿಗೆ ಇಳಿದು ಒಂದೆರಡು ಗಂಟೆ ನಿಲ್ಲುತ್ತದೆ. ಗಂಜಿ ಕಟ್ಟುವ ಕ್ಷಣದಲ್ಲಿಯೇ ಕತ್ತರಿಯೂ ಆಡುವುದರಿಂದ ಅದು ಅಂಟಾಗುವುದೇ ಇಲ್ಲ. ಆಮೇಲೆ 60 ಡಿಗ್ರಿಯವರೆಗೆ ಆರಿಸಿ, ಒಂದು ಬೂಷ್ಟಿನಿಂದ ಪಡೆದ ಇನ್ನೊಂದು ಕಿಣ್ವದಿಂದ ಸಕ್ಕರೆಯನ್ನೂ, ಸಕ್ಕರೆಯಿಂದ ಯೀಸ್ಟಿನ ಸಹಾಯದಿಂದ ಮದ್ಯಸಾರವನ್ನೂ ಮಾಡುತ್ತಾರೆ. ಒಂದು ಟನ್ ಅಕ್ಕಿಗೆ ಸುಮಾರು 450 ಲೀಟರು. ಉಳಿದ ಲಾಭವೇನು? ಆಮ್ಲ ಹೋಯಿತು, ಉಪ್ಪು ಹೋಯಿತು, ಹಂಡೆಯ ಸವೆತ ಹೋಯಿತು, ಕಾವು 140ರಿಂದ 105ಕ್ಕೆ ಇಳಿಯಿತು. ಹೋಗದೆ ಉಳಿದುದು ಒಲೆ. ಕಿಣ್ವ ಬೆಂಕಿಯನ್ನು ತಾಳುತ್ತದೆಯೇ ಹೊರತು ಬೆಂಕಿಯನ್ನು ಹೊತ್ತಿಸದು. ಬಾಯ್ಲರಿಗೆ ಕಲ್ಲಿದ್ದಲನ್ನು ಹಾಕಿದರೋ ಭತ್ತದ ಹೊಟ್ಟನ್ನು ಹಾಕಿದರೋ ಎಂಬುದರ ಮೇಲೆ ಅರ್ಧ ಲೆಕ್ಕ ನಿಂತಿದೆ.

ಇನ್ನರ್ಧ ಲೆಕ್ಕ ಹಂಡೆಗೆ ಏನನ್ನು ಹಾಕಿದರೆಂಬುದು. ಮಾನ್ವಿಯ ಭತ್ತವೆಂದರೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರು. 2024ರ ಆಗಸ್ಟ್ 10ರ ರಾತ್ರಿ ಅಣೆಕಟ್ಟೆಯ 19ನೆಯ ಗೇಟು ಕೊಚ್ಚಿಹೋದಾಗ ಕಾಲುವೆಯ ಕೊನೆಯ ಭಾಗದ ರೈತರು ನಿದ್ದೆಗೆಟ್ಟರು. ಸರಿಯಾದ ವರ್ಷಗಳಲ್ಲಿಯೂ ಆ ಭಾಗಕ್ಕೆ ನೀರು ತಲಪುವುದು ವಾದವಿವಾದಗಳ ಬಳಿಕವೇ. ಅಷ್ಟು ಕಷ್ಟದಿಂದ ಬಂದ ನೀರು ಅಕ್ಕಿಯಾಗಿ, ಅಕ್ಕಿ ಮದ್ಯಸಾರವಾಗಿ, ಮೋಟಾರಿನಲ್ಲಿ ಉರಿಯಬೇಕೆ? 2023ರ ಜುಲೈಯಲ್ಲಿ ಭಾರತ ಆಹಾರ ನಿಗಮವು ಮದ್ಯಸಾರದ ಕಾರ್ಖಾನೆಗಳಿಗೆ ಅಕ್ಕಿ ಕೊಡುವುದನ್ನು ನಿಲ್ಲಿಸಿತು. ಅದೇ ತಿಂಗಳು ಕರ್ನಾಟಕದಲ್ಲಿ ಅನ್ನಭಾಗ್ಯದ ಹೆಚ್ಚುವರಿ ಅಕ್ಕಿ ಒದಗದೆ, ಸರಕಾರ ಕಿಲೋಗ್ರಾಮಿಗೆ 34 ರೂಪಾಯಿಯಂತೆ ಪಡಿತರದಾರರಿಗೆ ಹಣ ಹಾಕತೊಡಗಿತು. 2024ರ ಆಗಸ್ಟಿನಲ್ಲಿ ಉಗ್ರಾಣಗಳು ತುಂಬಿದುವೆಂದು ಕಾರ್ಖಾನೆಗಳಿಗೆ ಅಕ್ಕಿ ಪುನಃ ತೆರೆಯಿತು. 2025ರ ಜನವರಿಯಲ್ಲಿ ಕ್ವಿಂಟಲಿಗೆ 2,250 ರೂಪಾಯಿಯ ದರ ಗೊತ್ತಾಯಿತು. ಆ ವರ್ಷವೇ ಪೆಟ್ರೋಲಿಗೆ ನೂರಕ್ಕೆ 20ರಂತೆ ಮದ್ಯಸಾರ ಬೆರಸುವ ಗುರಿಯೂ ಕೈಗೂಡಿತು. ಹುಳು ಹಿಡಿದ, ಮುಗ್ಗಿದ ಕಾಳನ್ನು ಹಂಡೆಗೆ ಹಾಕಿದರೆ ಯಾರೂ ಆಕ್ಷೇಪಿಸಲಾರರು. ಒಳ್ಳೆಯ ಅಕ್ಕಿಯ ಮಾತು ಬೇರೆ. ಎರಡನ್ನೂ ಕಿಣ್ವ ಒಂದೇ ಶ್ರದ್ಧೆಯಿಂದ ಕತ್ತರಿಸುತ್ತದೆ. ಆ ಭೇದವನ್ನು ನೋಡಬೇಕಾದವರು ಬೇರೆಯವರು.

ಇತ್ತ ಗಿರಣಿಯ ಅಂಗಳದಲ್ಲಿ ನುಚ್ಚಿನ ಚೀಲಗಳು ಗೋಡೆಗೆ ಒರಗಿ ಕುಳಿತಿರುತ್ತವೆ. ಬಡವರ ಮನೆಯ ನುಚ್ಚಿನ ಅನ್ನಕ್ಕೆಂದು ಐದಾರು ಕಿಲೋ ಕೇಳಿಕೊಂಡು ಬರುವ ಹೆಂಗಸರು ಬೆಳಗಿನಲ್ಲಿಯೇ ಬಂದು ಹೋಗುತ್ತಾರೆ. ಕೋಳಿಸಾಕಣೆಯವರ ಟೆಂಪೋ ಮಧ್ಯಾಹ್ನಕ್ಕೆ ಬರುತ್ತದೆ. ಮದ್ಯಸಾರದ ಕಾರ್ಖಾನೆಯ ದಲಾಲನು ಬರುವುದಿಲ್ಲ. ಫೋನು ಮಾಡಿ ದರ ಕೇಳುತ್ತಾನೆ, ಎಷ್ಟಿದ್ದರೂ ಇರಲಿ, ಎಲ್ಲವೂ ಬೇಕೆನ್ನುತ್ತಾನೆ.